ಕಿವಿಯೊಳಗಿನ 15 ಡೆಸಿಬೆಲ್

ಕಿರುಬೆರಳ ತುದಿಯಷ್ಟು ಗಾತ್ರದ ಎರಡು ಸಿಲಿಕೋನ್ ತುಂಡು. ಕೆಂಪು ಗುರುತಿನದು ಬಲಗಿವಿಗೆ, ನೀಲಿ ಗುರುತಿನದು ಎಡಗಿವಿಗೆ. ಒಂದೊಂದರ ನಡುವೆಯೂ ಅಂಗಿ ಗುಂಡಿಗಿಂತ ಚಿಕ್ಕದಾದ ಫಿಲ್ಟರ್, ಅದರ ಮೇಲೆ 15 ಅನ್ನುವ ಅಂಕಿ, ಅಂದರೆ ಹೊರಗಿನ ಸದ್ದನ್ನು ಅಷ್ಟು ಡೆಸಿಬೆಲ್ ತಗ್ಗಿಸುತ್ತದೆ. ಸಂಗೀತಗಾರರಿಗೆಂದೇ, ಅವರವರ ಕಿವಿಯ ಅಚ್ಚು ತೆಗೆದು ಮಾಡಿಕೊಡುವ ಇಯರ್ ಪ್ಲಗ್ ಇದು. ಆರು ವರ್ಷದಿಂದ ಬಳಸುತ್ತಿದ್ದೇನೆ, ಈಗ ಎರಡನೇ ಜೊತೆ ನಡೆಯುತ್ತಿದೆ. ಕೊಳ್ಳಬೇಕೋ ಬೇಡವೋ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಬ್ಯಾಟನ್ ಹಿಡಿದು ಬ್ಯಾಂಡಿನ ಎದುರು ನಿಲ್ಲುವವರಾದರೆ ಕಣ್ಣುಮುಚ್ಚಿ ತಗೊಳ್ಳಿ. ಹಿತ್ತಾಳೆ ವಾದ್ಯ ಊದುವವರಾದರೆ ಸ್ವಲ್ಪ ತಡೀರಿ, ಪೂರ್ತಿ ಓದಿ. ಡ್ರಮ್ಮಿನವರಾದರೆ ನಿಮಗೆ 15 ಸಾಲದು.

ನಾನು ಮಿಲಿಟರಿ ಬ್ಯಾಂಡಿನಲ್ಲಿ 31 ವರ್ಷ ಕಳೆದವನು. ಹದಿನೇಳನೇ ವಯಸ್ಸಿಗೆ ಕಾರ್ನೆಟ್, ಅಂದರೆ ಟ್ರಂಪೆಟ್ಟಿನಂಥ ಗಿಡ್ಡ ಹಿತ್ತಾಳೆ ವಾದ್ಯ, ಊದಲು ಸೇರಿದೆ. ಅದೇನೂ ಚಿಕ್ಕ ವಯಸ್ಸಲ್ಲ. ಅಮೆರಿಕದ ಜಾನ್ ಫಿಲಿಪ್ ಸೂಸಾ 1868ರಲ್ಲಿ ಮರೀನ್ ಬ್ಯಾಂಡಿಗೆ ತರಬೇತಿ ಹುಡುಗನಾಗಿ ಸೇರಿದಾಗ ಅವನಿಗೆ 13. ಮುಂದೆ ಅದೇ ಬ್ಯಾಂಡನ್ನು 1880ರಿಂದ 1892ರವರೆಗೆ ಅವನೇ ನಡೆಸಿದ. ನನ್ನದು ಅಂಥ ಕಥೆಯೇನಲ್ಲ. ಹನ್ನೊಂದು ವರ್ಷ ಸಾಲಿನಲ್ಲಿ ನಿಂತು ಊದಿದೆ, ನಡುವೆ ತುಟಿಗೆ ಸ್ವಲ್ಪ ತೊಂದರೆಯಾಗಿ ಯೂಫೋನಿಯಂ ಅನ್ನುವ ದಪ್ಪ ದನಿಯ ಹಿತ್ತಾಳೆ ವಾದ್ಯಕ್ಕೆ ಬದಲಾದೆ, ಆಮೇಲೆ ಬ್ಯಾಂಡ್‌ಮಾಸ್ಟರ್ ಕೋರ್ಸಿಗೆ ಹೋದೆ, ಉಳಿದ ವರ್ಷವೆಲ್ಲ ಕೋಲು ಆಡಿಸಿದೆ. ಎರಡು ವರ್ಷದ ಹಿಂದೆ ನಿವೃತ್ತಿ. ಈಗ ಹುಡುಗರ ಒಂದು ಬ್ಯಾಂಡಿಗೆ ವಾರಕ್ಕೆ ಎರಡು ದಿನ ಹೇಳಿಕೊಡುತ್ತೇನೆ.

ಪ್ಲಗ್ ಬಗ್ಗೆ ಹೇಳುವ ಮುಂಚೆ ಯಾರು ಎಲ್ಲಿ ನಿಲ್ಲುತ್ತಾರೆ ಅನ್ನುವುದನ್ನು ಹೇಳಬೇಕು. ಏಕೆಂದರೆ ಬ್ಯಾಂಡಿನವನ ಕಿವಿಯ ಹಣೆಬರಹ ಬರೆಯುವುದು ಅವನು ನಿಂತ ಜಾಗ. ನಡೆಯುವಾಗ ನಮ್ಮಲ್ಲಿ ಟ್ರಾಂಬೋನಿನವರು ಮುಂದಿನ ಸಾಲು. ಸ್ಲೈಡ್ ಚಾಚಲು ಎದುರಿಗೆ ಜಾಗ ಬೇಕು, ಹಿಂದೆ ಹಾಕಿದರೆ ಮುಂದಿನವನ ಬೆನ್ನಿಗೆ ತಿವಿಯುತ್ತದೆ. ಕಾರ್ನೆಟ್ಟಿನವರು ನಡುವೆ, ಅವರ ಬೆನ್ನಿಗೇ ಸೈಡ್ ಡ್ರಮ್. ಅಂದರೆ ಹನ್ನೊಂದು ವರ್ಷ ನನ್ನ ತಲೆಯ ಹಿಂದೆ ಎರಡು ಮಾರು ದೂರದಲ್ಲಿ ನಾಲ್ಕು ಜನ ಕೋಲಿನಿಂದ ಬಾರಿಸುತ್ತಿದ್ದರು. ಒಮ್ಮೆ ಹತ್ತಿ ಉಂಡೆ ಕಟ್ಟಿ ಕಿವಿಗೆ ತುರುಕಿಕೊಂಡು ಬಂದಿದ್ದೆ. ಆಗಿನ ಬ್ಯಾಂಡ್‌ಮಾಸ್ಟರ್ ಅದನ್ನು ಕಂಡು, ಎಲ್ಲರ ಎದುರು ನನ್ನ ಕಿವಿಯಿಂದ ಕಿತ್ತು ತೆಗೆದು ಅಂಗೈಯಲ್ಲಿ ಹಿಡಿದು ತೋರಿಸಿ, "ಕಿವಿ ಮುಚ್ಚಿಕೊಳ್ಳೋನಿಗೆ ಬ್ಯಾಂಡ್ ಯಾಕಯ್ಯಾ? ಅಡುಗೆಮನೆಗೆ ಹೋಗು" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ವರ್ಷಕ್ಕೊಮ್ಮೆ ಗುರಿ ಅಭ್ಯಾಸಕ್ಕೆ ಕರೆದೊಯ್ದಾಗ ಮಾತ್ರ ಅದೇ ಜನ ಕಿವಿಗೆ ಮುಚ್ಚು ಹಾಕಿಕೊಳ್ಳದೆ ಬಂದೂಕು ಮುಟ್ಟಗೊಡುತ್ತಿರಲಿಲ್ಲ. ಹತ್ತು ನಿಮಿಷದ ಗುಂಡಿಗೆ ರಕ್ಷಣೆ ಇತ್ತು, ದಿನಕ್ಕೆ ನಾಲ್ಕು ಗಂಟೆಯ ಡ್ರಮ್ಮಿಗೆ ಇರಲಿಲ್ಲ.

ಗದ್ದಲ ನಮ್ಮ ಕಸುಬಿನ ಹುಟ್ಟುಗುಣ. ಬಯಲಿನಲ್ಲಿ, ಗಾಳಿಗೆ ಎದುರಾಗಿ, ಸಾವಿರ ಜೊತೆ ಬೂಟುಗಳ ಮೇಲೆ ಕೇಳಿಸಬೇಕಾದ ಸಂಗೀತ ಇದು. 1835ರಲ್ಲಿ ಟ್ಯೂಬಾ ಅನ್ನುವ ದೊಡ್ಡ ಹಿತ್ತಾಳೆ ವಾದ್ಯಕ್ಕೆ ಪೇಟೆಂಟ್ ಪಡೆದವರಲ್ಲಿ ಒಬ್ಬನಾದ ಪ್ರಷ್ಯಾದ ವಿಲ್‌ಹೆಲ್ಮ್ ವೀಪ್ರೆಕ್ಟ್, 1838ರಲ್ಲಿ ರಷ್ಯಾದ ಚಕ್ರವರ್ತಿ ಬರ್ಲಿನ್‌ಗೆ ಬಂದಾಗ 32 ಬ್ಯಾಂಡುಗಳನ್ನು ಒಟ್ಟು ಸೇರಿಸಿದ್ದ. ಸಾವಿರ ಊದುವ ವಾದ್ಯ, ಅದರ ಮೇಲೆ 200 ಸೈಡ್ ಡ್ರಮ್. ಅವನು ಸೈನಿಕನಲ್ಲ, ಮಾಮೂಲಿ ಬಟ್ಟೆಯಲ್ಲೇ ನಿಂತು ಅಷ್ಟನ್ನೂ ನಡೆಸಿದ. ಈ ಕಥೆಯನ್ನು ಕೋರ್ಸಿನಲ್ಲಿ ಕೇಳಿದಾಗ ರೋಮಾಂಚನ ಆಗಿತ್ತು. ಈಗ ನೆನೆದರೆ, ಆ ಇನ್ನೂರು ಡ್ರಮ್ಮಿನ ಮುಂದೆ ನಿಂತಿದ್ದ ಕ್ಲಾರಿನೆಟ್ಟಿನವನಿಗೆ ಆ ರಾತ್ರಿ ನಿದ್ದೆ ಬಂತಾ ಅನ್ನಿಸುತ್ತದೆ.

ನನಗೆ ಗೊತ್ತಾದದ್ದು ತಡವಾಗಿ. ರಾತ್ರಿ ಮಲಗಿದಾಗ ಎಡಗಿವಿಯಲ್ಲಿ ಒಂದು ಸಣ್ಣ ಶಿಳ್ಳೆ, ಬಹಳ ವರ್ಷದಿಂದಲೂ ಇತ್ತು, ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಮನೆಯಲ್ಲಿ ಹೆಂಡತಿ, "ರೀ, ಗಡಿಯಾರ ಅಷ್ಟು ಹೊತ್ತಿಂದ ಕೂಗ್ತಾ ಇದೆ, ಆಫ್ ಮಾಡಬಾರದಾ?" ಅಂದಳು. ಯಾವ ಗಡಿಯಾರ ಅಂದೆ. ಕೈಗಡಿಯಾರ ನನ್ನ ಕೈಯಲ್ಲೇ ಇತ್ತು. ಕಿವಿ ಪರೀಕ್ಷೆ ಮಾಡಿದ ಆಡಿಯಾಲಜಿಸ್ಟ್ ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಎಡಗಡೆ ಚೆನ್ನಾಗಿ ಬಂದು, 4000 ಹರ್ಟ್ಸ್ (ಸ್ವರದ ಎತ್ತರದ ಅಳತೆ) ಹತ್ತಿರ ಗುಂಡಿಗೆ ಬಿದ್ದು, ಮತ್ತೆ ಮೇಲಕ್ಕೆ ಹತ್ತುವ ಗೆರೆ. ಗದ್ದಲದಿಂದ ಹೋದ ಕಿವಿಗೆ ಇದೇ ಗುರುತಂತೆ, 3000ದಿಂದ 6000ದೊಳಗೆ ಎಲ್ಲೋ ಒಂದು ಕಡೆ ಈ ಗುಂಡಿ. ಅವರು ಹೇಳುತ್ತಿದ್ದರು, ನನ್ನ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತು. ಪಿಕೊಲೊ ಅನ್ನುವ ಪುಟ್ಟ ಕೊಳಲಿನ ತುತ್ತತುದಿಯ ಸಿ ಸ್ವರ 4186 ಹರ್ಟ್ಸ್. ಅಂದರೆ ಸರಿಯಾಗಿ ಅಲ್ಲಿಗೇ ನನ್ನ ಗುಂಡಿ. ಪಿಕೊಲೊ ಊದುವ ಹುಡುಗನಿಗೆ ಎರಡು ವರ್ಷದಿಂದ "ಮೇಲಿನ ಸ್ವರ ಸಪ್ಪೆ ಇದೆ, ಇನ್ನೂ ಬಿಚ್ಚಿ ಊದು" ಅಂತ ಬೈಯುತ್ತಿದ್ದೆ. ಪಾಪ, ಅವನು ಬಿಚ್ಚಿಯೇ ಊದುತ್ತಿದ್ದ.

ಬ್ಯಾಂಡ್‌ಮಾಸ್ಟರನಿಗೆ ಕಿವಿ ಅಂದರೆ ಬಡಗಿಗೆ ಕಣ್ಣಳತೆ ಇದ್ದ ಹಾಗೆ. ಕೋರ್ಸಿನಲ್ಲಿ ಸ್ವರಮೇಳ, ಬರವಣಿಗೆ, ಎಲ್ಲ ವಾದ್ಯವನ್ನೂ ಒಂದಿಷ್ಟು ನುಡಿಸುವುದು ಇವೆಲ್ಲ ಇರುತ್ತವೆ, ಆದರೆ ಬೆವರಿಳಿಸುವುದು ಕಿವಿಯ ಪರೀಕ್ಷೆ. ನಲವತ್ತು ಜನ ಊದುತ್ತಿರುವಾಗ ಒಬ್ಬನಿಗೆ ಗುಟ್ಟಾಗಿ ತಪ್ಪು ಸ್ವರ ಕೊಟ್ಟಿರುತ್ತಾರೆ, ಯಾರು ಅಂತ ಹೇಳಬೇಕು. ಬ್ರಿಟಿಷ್ ಸೇನೆಯ ನೆಲ್ಲರ್ ಹಾಲ್ ಸಂಗೀತ ಶಾಲೆ 1857ರಲ್ಲಿ ಶುರುವಾಗಿದ್ದಕ್ಕೂ ಹಿಂದೆ ಒಂದು ಕಿವಿಯ ಅವಮಾನವೇ ಇದೆ: 1854ರಲ್ಲಿ ಕ್ರಿಮಿಯಾ ಯುದ್ಧದ ಹೊತ್ತಿಗೆ ಟರ್ಕಿಯ ಸ್ಕುಟಾರಿಯಲ್ಲಿ ರಾಣಿಯ ಹುಟ್ಟುಹಬ್ಬದ ಪರೇಡಿನಲ್ಲಿ, ಸೇರಿದ್ದ ಬ್ಯಾಂಡುಗಳೆಲ್ಲ ರಾಷ್ಟ್ರಗೀತೆಯನ್ನು ತಮ್ಮ ತಮ್ಮ ಶ್ರುತಿಯಲ್ಲಿ, ತಮ್ಮ ತಮ್ಮ ರೀತಿಯಲ್ಲಿ ಒಟ್ಟಿಗೇ ನುಡಿಸಿಬಿಟ್ಟವು. ಇಂಥ ಕಸುಬಿನಲ್ಲಿ ಕಿವಿ ಹೋಗಿದೆ ಅಂತ ಬಾಯಿಬಿಟ್ಟು ಹೇಳುವವರು ಯಾರು? ನಾನೂ ಹೇಳಲಿಲ್ಲ. ಸದ್ದಿಲ್ಲದೆ ಪ್ಲಗ್ ಮಾಡಿಸಿಕೊಂಡೆ.

ಮಾಡಿಸುವ ಕೆಲಸ ಅಂಗಡಿಗೆ ಹೋಗಿ ತರುವಂಥದ್ದಲ್ಲ. ಕಿವಿಯೊಳಗೆ ದೀಪ ಹಾಕಿ ನೋಡುತ್ತಾರೆ, ಗುಗ್ಗೆ ಇದ್ದರೆ ತೆಗೆಯುತ್ತಾರೆ, ದಾರ ಕಟ್ಟಿದ ಸಣ್ಣ ಸ್ಪಂಜನ್ನು ಆಳಕ್ಕೆ ಇಳಿಸಿ ಕಿವಿತಮಟೆಗೆ ಅಡ್ಡ ಇಡುತ್ತಾರೆ. ಆಮೇಲೆ ಸಿರಿಂಜಿನಲ್ಲಿ ತಣ್ಣಗಿನ ಹಿಟ್ಟಿನಂಥ ಸಿಲಿಕೋನ್ ತುಂಬುತ್ತಾರೆ. ಕಿವಿಯೊಳಗೆ ಅದು ಊದಿಕೊಂಡಂತೆ ಲೋಕವೆಲ್ಲ ದೂರ ಹೋದ ಹಾಗಾಗುತ್ತದೆ. ಐದು ನಿಮಿಷದಲ್ಲಿ ಗಟ್ಟಿ. ಇಲ್ಲೊಂದು ಸೂಕ್ಷ್ಮ ಇದೆ, ಊದುವವರು ಗಮನಿಸಿ. ದವಡೆ ಆಡಿದರೆ ಕಿವಿಯ ಕೊಳವೆಯ ಆಕಾರ ಬದಲಾಗುತ್ತದೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ, ಗೊತ್ತಾಗುತ್ತದೆ. ಮೊದಲ ಸಲ ಅಚ್ಚು ತೆಗೆದ ಜಾಗದಲ್ಲಿ ನನ್ನನ್ನು ಬಾಯಿ ಮುಚ್ಚಿ ಕೂರಿಸಿದರು. ಬಂದ ಪ್ಲಗ್ ಸುಮ್ಮನಿದ್ದಾಗ ಸರಿ, ಯೂಫೋನಿಯಂ ಬಾಯಿಗಿಟ್ಟ ತಕ್ಷಣ ಎಡಗಡೆಯದು ಸಡಿಲ. ಸಂದಿಯಿಂದ ಸದ್ದು ನುಗ್ಗಿದರೆ ಆ ಫಿಲ್ಟರ್ ಇದ್ದೂ ಇಲ್ಲದ ಹಾಗೆ. ವಾಪಸ್ ಕೊಟ್ಟರೆ ತಿಂಗಳುಗಟ್ಟಲೆ ಓಡಾಡಿಸಿದರು, ಅದು ನನ್ನ ಕಿವಿಯದೇ ದೋಷ ಅನ್ನುವ ಹಾಗೆ ಮಾತಾಡಿದರು. ಎರಡನೇ ಜೊತೆ ಬೇರೆ ಕಡೆ ಮಾಡಿಸಿದೆ. ಆ ಹೆಣ್ಣುಮಗಳು ಮೊದಲ ಮಾತಿಗೇ "ಏನು ಊದ್ತೀರಿ ಸರ್? ಮೌತ್‌ಪೀಸ್ ತಂದಿದ್ದೀರಾ?" ಅಂತ ಕೇಳಿದಳು. ಸಿಲಿಕೋನ್ ಗಟ್ಟಿಯಾಗುವವರೆಗೆ ಮೌತ್‌ಪೀಸ್ ತುಟಿಗೆ ಒತ್ತಿಕೊಂಡು, ಊದುವ ಭಂಗಿಯಲ್ಲೇ ಕೂತಿದ್ದೆ. ಆ ಜೊತೆ ಇವತ್ತಿಗೂ ಒಂದು ಕೂದಲೆಳೆ ಸರಿದಿಲ್ಲ.

ಫೋಮ್ ಪ್ಲಗ್‌ಗೂ ಇದಕ್ಕೂ ಏನು ವ್ಯತ್ಯಾಸ? ಫೋಮು ಸದ್ದನ್ನು ಬಹಳ ಇಳಿಸುತ್ತದೆ, ಆದರೆ ಅಡ್ಡಾದಿಡ್ಡಿ ಇಳಿಸುತ್ತದೆ. ತಾರಸ್ವರಗಳನ್ನು ಹೆಚ್ಚು ತಿನ್ನುತ್ತದೆ, ಮಂದ್ರವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಕಂಬಳಿ ಹೊದ್ದು ಕಛೇರಿ ಕೇಳಿದ ಹಾಗೆ. ಬರಿಗಿವಿಯ ಕೊಳವೆ 2700 ಹರ್ಟ್ಸ್ ಆಸುಪಾಸಿನ ಸದ್ದನ್ನು ತಾನೇ ಎತ್ತಿ ಒಳಗೆ ಕಳಿಸುತ್ತದೆ; ಬಿರಡೆ ಹಾಕಿದರೆ ಆ ಎತ್ತುವಿಕೆ ನಿಂತುಹೋಗುತ್ತದೆ. ಈ ಫಿಲ್ಟರ್ ಆ ಕಳೆದುಹೋದದ್ದನ್ನು ಲೆಕ್ಕ ಹಾಕಿ ತುಂಬಿಕೊಡುತ್ತದೆ, ಹಾಗಾಗಿ ಎಲ್ಲ ಸ್ಥಾಯಿಯೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಗ್ಗುತ್ತದೆ. 1988ರಲ್ಲಿ ಎಟಿಮೋಟಿಕ್ ರಿಸರ್ಚ್ ಅನ್ನುವ ಅಮೆರಿಕದ ಕಂಪನಿ ಈಆರ್-15 ಅಂತ ಇದನ್ನು ಮೊದಲು ತಂದಿತು. ಈಗ 9, 15, 25 ಅಂತ ಮೂರು ತರಹದ ಫಿಲ್ಟರ್ ಗುಂಡಿ ಸಿಗುತ್ತದೆ, ಅಚ್ಚು ಅದೇ, ಗುಂಡಿ ಮಾತ್ರ ಬದಲಿಸಿಕೊಳ್ಳಬಹುದು.

ಹದಿನೈದು ಅಂದರೆ ಏನು ಮಹಾ ಅನ್ನಬೇಡಿ. ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ನಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ಲಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಅದರ ಮೇಲೆ ಪ್ರತಿ 3 ಡೆಸಿಬೆಲ್ಲಿಗೂ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100ಕ್ಕೆ ಬಂದರೆ ಸಿಗುವುದು 15 ನಿಮಿಷ. ಪೂರ್ತಿ ಬ್ಯಾಂಡು ಗೋಡೆಯೊಳಗೆ ಜೋರಾಗಿ ನುಡಿಸಿದರೆ 100 ಮುಟ್ಟುವುದು ದೊಡ್ಡ ಮಾತಲ್ಲ. ನಾವು ಶ್ರುತಿ ಸೇರಿಸಿ, ಎರಡು ಮಾರ್ಚ್ ಮುಗಿಸುವುದರೊಳಗೆ ಅವತ್ತಿನ ಕೋಟಾ ಖಲಾಸ್. 15ರ ಗುಂಡಿ ಸರಿಯಾಗಿ ಕೂತರೆ ಅದೇ ಹೊತ್ತು 8 ಗಂಟೆಗೆ ಬರುತ್ತದೆ.

ಮೊದಲ ದಿನದ ರಿಹರ್ಸಲ್ ಮರೆಯುವ ಹಾಗಿಲ್ಲ. ಬ್ಯಾಂಡ್ ರೂಮಿನ ಸೂರು ಕೆಳಗೆ, ಗೋಡೆ ಬರೀ ಗಾರೆ. ಇಂಗ್ಲೆಂಡಿನ ಸಂಗೀತಗಾರ ಹೋಲ್ಸ್ಟ್ 1909ರಲ್ಲಿ ಮಿಲಿಟರಿ ಬ್ಯಾಂಡಿಗೆಂದೇ ಬರೆದ ಮೊದಲ ಸೂಟ್ (ಕೆಲವು ತುಣುಕು ಸೇರಿದ ಕೃತಿ) ತೆಗೆದಿದ್ದೆವು. ಅದರ ಶುರುವಿನಲ್ಲಿ ಟ್ಯೂಬಾ, ಯೂಫೋನಿಯಂ ಎರಡೇ ಸೇರಿ ಎಂಟು ಬಾರಿನ (ಬಾರು ಅಂದರೆ ತಾಳದ ಒಂದು ಆವರ್ತ) ಒಂದು ಎಳೆ ನುಡಿಸುತ್ತವೆ, ಮುಂದಿನದೆಲ್ಲ ಆ ಎಳೆಯ ಮೇಲೇ ನೇಯ್ದದ್ದು. ಆ ಎಂಟು ಬಾರು ಮೆತ್ತಗೆ ಬಂದಾಗ, ಅಯ್ಯೋ ದುಡ್ಡು ದಂಡ ಆಯಿತಲ್ಲ ಅಂದುಕೊಂಡೆ. ಎಲ್ಲವೂ ಪಕ್ಕದ ಕೋಣೆಯಲ್ಲಿ ನಡೆದ ಹಾಗೆ ಇತ್ತು. ಆದರೆ ಬ್ಯಾಂಡು ತುಂಬಿಕೊಂಡು ಎದ್ದಾಗ ಬೇರೆಯೇ ಆಯಿತು. ಎಷ್ಟೋ ವರ್ಷದಿಂದ ಆ ಜಾಗ ನನಗೆ ಒಂದು ಬಿಳಿ ಗೋಡೆ. ಈಗ ಆ ಗೋಡೆಯ ಇಟ್ಟಿಗೆ ಇಟ್ಟಿಗೆ ಕಾಣುತ್ತಿತ್ತು. ಹಾರ್ನು ಎಲ್ಲಿದೆ, ಎರಡನೇ ಕಾರ್ನೆಟ್ ಎಲ್ಲಿ ಉಸಿರು ತಗೊಂಡ, ಎಲ್ಲ ಬೇರೆ ಬೇರೆ.

ಅದಾದ ಮೇಲೆ ಒಂದು ಹಳೇ ಮಾರ್ಚ್ ತೆಗೆದೆವು, ನೂರಾರು ಸಲ ನುಡಿಸಿದ್ದು, ನಿದ್ದೆಯಲ್ಲೂ ಬರುವಂಥದ್ದು. ಹಾಳೆಯಲ್ಲಿ ಗುರುತಿಗೆ ಹಾಕಿರುವ ಡಿ ಅಕ್ಷರ ದಾಟಿದ ಮೇಲೆ ಏನೋ ಕಚ್ಚಿತು. ನಿಲ್ಲಿಸಿದೆ. ಮತ್ತೆ ಡಿಯಿಂದ. ಮತ್ತೆ ಅಲ್ಲೇ. "ಮೂರನೇ ಕ್ಲಾರಿನೆಟ್, ನೀವೊಬ್ಬರೇ ಊದಿ" ಅಂದೆ. ಊದಿದ. ಆರನೇ ಬಾರಿನಲ್ಲಿ ಬಿ ಫ್ಲ್ಯಾಟ್ ಇರಬೇಕಾದ ಕಡೆ ಅರ್ಧ ಸ್ವರ ಮೇಲಿನ ಬಿ ನ್ಯಾಚುರಲ್. "ಅದು ಫ್ಲ್ಯಾಟ್ ಅಲ್ಲವೇನಯ್ಯಾ?" ಅಂದರೆ ಅವನು ಎದ್ದು ನಿಂತು, "ಸರ್, ಇಲ್ಲಿ ಬರೆದಿರೋದೇ ಹೀಗೆ. ಆರು ವರ್ಷದಿಂದ ಇದನ್ನೇ ಊದ್ತಾ ಇದ್ದೀನಿ" ಅಂದ. ಹಾಳೆ ತರಿಸಿ ನೋಡಿದೆ. ಯಾವ ಕಾಲದಲ್ಲೋ ಯಾರೋ ಕೈಯಲ್ಲಿ ನಕಲು ಮಾಡಿದ ಪಾರ್ಟು, ಶಾಯಿ ಕಂದು ತಿರುಗಿತ್ತು, ತಪ್ಪು ನಕಲಿನಲ್ಲೇ ಇತ್ತು. ಇವನಿಗೆ ಮುಂಚೆ ಊದಿದವರೂ ಅದನ್ನೇ ಊದಿರಬೇಕು. ಅಷ್ಟು ವರ್ಷ ಆ ಜಾಗದಲ್ಲಿ ಸೈಡ್ ಡ್ರಮ್ಮಿನ ಉರುಳಿಕೆ ನನ್ನ ಕಿವಿಯನ್ನು ಮುಚ್ಚಿಹಾಕಿತ್ತು. ಪೆನ್ಸಿಲ್ಲಿನಲ್ಲಿ ತಿದ್ದಿ ಹಾಳೆ ವಾಪಸ್ ಕೊಟ್ಟೆ. ಈ ಸಾಮಾನಿಗೆ ಕೊಟ್ಟ ದುಡ್ಡು ನನಗೆ ಅಲ್ಲಿಗೇ ತೀರಿತು.

ಇನ್ನು ಬೈಗುಳಕ್ಕೆ ಬರುತ್ತೇನೆ.

ಇದನ್ನು ಹಾಕಿಕೊಂಡು ಹಿತ್ತಾಳೆ ವಾದ್ಯ ಊದುವುದು ಹಿಂಸೆ. ತುಟಿಯ ನಡುಕ ಹಲ್ಲು, ದವಡೆ, ಬುರುಡೆಯ ಮೂಲಕ ಕಿವಿಯ ಕೊಳವೆಗೆ ಬರುತ್ತದೆ. ಬರಿಗಿವಿಯಾದರೆ ಹೊರಗೆ ಹೋಗಿಬಿಡುತ್ತದೆ, ಬಿರಡೆ ಹಾಕಿದರೆ ಒಳಗೇ ಗುಂಯ್‌ಗುಡುತ್ತದೆ. ನನ್ನ ಯೂಫೋನಿಯಂ ನನಗೇ ಬಾವಿಯೊಳಗೆ ತಲೆ ಹಾಕಿ ಊದಿದ ಹಾಗೆ ದೊಡ್ಡದಾಗಿ ಕೇಳಿಸುತ್ತಿತ್ತು, ಪಕ್ಕದವನು ಮಾತ್ರ ಎಲ್ಲೋ ದೂರದಲ್ಲಿ. ಹಾಗಾಗಿ ನಾನೇ ಜಾಸ್ತಿ ಆದೆನೇನೋ ಅಂತ ಇಳಿಸಿ ಇಳಿಸಿ ಊದುತ್ತಿದ್ದೆ. ರೆಕಾರ್ಡಿಂಗ್ ಹಾಕಿ ಕೇಳಿದರೆ ಯೂಫೋನಿಯಂ ಇದ್ದ ಸುಳಿವೇ ಇಲ್ಲ. ಅಚ್ಚಿನ ಮೂತಿ ಕೊಳವೆಯ ಎರಡನೇ ತಿರುವು ದಾಟಿ ಆಳಕ್ಕೆ ಹೋಗುವಷ್ಟು ಉದ್ದ ಇದ್ದರೆ ಈ ಗುಂಯ್ ಬಹಳ ಕಡಿಮೆಯಾಗುತ್ತದೆ. ನನ್ನ ಎರಡನೇ ಜೊತೆ ಹಾಗೇ ಇದೆ. ಕಡಿಮೆ ಆಗಿದೆ, ಹೋಗಿಲ್ಲ. ಕಾರ್ನೆಟ್, ಟ್ರಾಂಬೋನಿನವರು 9ರ ಗುಂಡಿಯಿಂದ ಶುರು ಮಾಡಿ, ಮೊದಲ ಒಂದು ತಿಂಗಳು ಮನೆಯ ಅಭ್ಯಾಸಕ್ಕೆ ಮಾತ್ರ ಹಾಕಿ. ನೇರವಾಗಿ ಕಾರ್ಯಕ್ರಮಕ್ಕೆ ಹಾಕಿಕೊಂಡು ಹೋದರೆ ಅವತ್ತೇ ಕಿತ್ತೆಸೆಯುತ್ತೀರಿ. ಕ್ಲಾರಿನೆಟ್ಟಿನವರಿಗೂ ಹಲ್ಲು ಮೌತ್‌ಪೀಸಿಗೆ ತಾಗುವುದರಿಂದ ಇದೇ ಗೋಳು.

ಪರೇಡಿನಲ್ಲಿ ಇನ್ನೊಂದು ಎಡವಟ್ಟು. ಗಾಳಿ ಬೀಸುವ ದಿನ ಫಿಲ್ಟರಿನ ತೂತಿಗೆ ಗಾಳಿ ಬಡಿದು ಸುಂಯ್ ಅನ್ನುತ್ತದೆ. ಮೈದಾನದ ಆ ತುದಿಯಿಂದ ಬರುವ ಆಜ್ಞೆ ಮೊದಲೇ ಅರ್ಧ ಗಾಳಿಪಾಲು, ಉಳಿದರ್ಧ ಪ್ಲಗ್ ಪಾಲು. ಒಮ್ಮೆ ನಿಲ್ಲಿಸಬೇಕಾದ ಕಡೆ ನಾನು ಕೇಳಿಸಿಕೊಂಡದ್ದು ತಡವಾಯಿತು. ಬಾಸ್ ಡ್ರಮ್ಮಿನವನು ನನ್ನ ಕೈ ನೋಡುತ್ತಾನೆ, ನಿಲ್ಲಿಸುವ ಜೋಡಿ ಪೆಟ್ಟು ಅವನು ಕೊಟ್ಟರೆ ತಾನೇ ಬ್ಯಾಂಡು ನಿಲ್ಲುವುದು? ಪಡೆ ನಿಂತುಬಿಟ್ಟಿದೆ, ನಾವು ಇನ್ನೂ ನಾಲ್ಕು ಬಾರು ಉತ್ಸಾಹದಿಂದ ನುಡಿಸುತ್ತಿದ್ದೇವೆ. ಆ ಸಂಜೆ ಆಫೀಸಿಗೆ ಕರೆದು ಕೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅವತ್ತಿನಿಂದ ಪರೇಡಿಗೆ ಎಡಗಡೆ ಮಾತ್ರ ಪ್ಲಗ್, ಬಲಗಿವಿ ಆಜ್ಞೆಗೆ ಬಿಟ್ಟದ್ದು. ಆಡಿಯಾಲಜಿಸ್ಟ್ ಕೇಳಿದರೆ ಬೈಯುತ್ತಾರೆ, ಬೈಯಲಿ.

ಮೂರನೆಯದು ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ. ಪ್ಲಗ್ ಹಾಕಿದ ಮೊದಲ ವಾರ ನನಗೆ ಎಲ್ಲವೂ ಸಪ್ಪೆ ಅನ್ನಿಸಿ, "ಇನ್ನೂ ಬರಲಿ, ಇನ್ನೂ ಬರಲಿ" ಅಂತ ಎಡಗೈ ಎತ್ತುತ್ತಲೇ ಇದ್ದೆ. ಬ್ಯಾಂಡು ಕೊಡುತ್ತಲೇ ಇತ್ತು. ಶನಿವಾರ ಹಿರಿಯ ಟ್ರಾಂಬೋನಿನವರು ಹತ್ತಿರ ಬಂದು ಮೆಲ್ಲಗೆ, "ಸರ್, ಹುಡುಗರ ತುಟಿ ಹರಿದು ಹೋಗ್ತಿದೆ, ಏನಾದ್ರೂ ದೊಡ್ಡ ಕಾರ್ಯಕ್ರಮ ಬರ್ತಾ ಇದೆಯಾ?" ಅಂತ ಕೇಳಿದರು. ನಾಚಿಕೆಯಾಯಿತು. ನಾನು ಕೊಡೆ ಹಿಡಿದು ನಿಂತು ಸಾಲನ್ನು ಮಳೆಯಲ್ಲಿ ನೆನೆಸಿದ ಹಾಗಾಗಿತ್ತು ಅದು. ಅವತ್ತು ಜೇಬಿನಿಂದ ಡಬ್ಬಿ ತೆಗೆದು ಅವರಿಗೆ ತೋರಿಸಿದೆ, ಕಿವಿಯ ವಿಷಯವನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಂದು ಬಲಗಡೇದು" ಅಂದರು.

ಆಮೇಲೆ ಡ್ರಮ್ಮಿನ ನಾಲ್ವರಿಗೆ 25ರದ್ದು ಮಾಡಿಸಲು ಅರ್ಜಿ ಬರೆದೆ. ಮಂಜೂರಾಗುವ ಹೊತ್ತಿಗೆ ಅವರಲ್ಲಿ ಒಬ್ಬ ವರ್ಗವಾಗಿ ಹೋಗಿದ್ದ. ಉಳಿದ ಮೂವರಲ್ಲಿ ಇಬ್ಬರು ಹಾಕಿಕೊಂಡರು, ಒಬ್ಬ ಡಬ್ಬಿಯಲ್ಲೇ ಇಟ್ಟ. ಹಾಕಿಕೊಂಡವರ ಕೋಲಿನ ಪೆಟ್ಟು ಮೊದಮೊದಲು ಭಾರವಾಯಿತು, ಸದ್ದು ಕಿವಿಗೆ ಬರದಿದ್ದರೆ ಕೈ ತಾನಾಗಿ ಜೋರು ಮಾಡುತ್ತದೆ. ಒಂದು ತಿಂಗಳಲ್ಲಿ ಸರಿಹೋಯಿತು. ಹುಡುಗರ ಬ್ಯಾಂಡಿಗೆ ಇಷ್ಟು ಖರ್ಚಿನದು ಮಾಡಿಸುವುದಿಲ್ಲ. ಬೆಳೆಯುವ ಮಕ್ಕಳ ಕಿವಿಯ ಅಚ್ಚು ಒಂದೆರಡು ವರ್ಷಕ್ಕೇ ಸಡಿಲವಾಗುತ್ತದೆ. ಅವರಿಗೆ ಮೂರು ಪದರದ ಕೊಡೆಯಾಕಾರದ ರೆಡಿಮೇಡ್ ಪ್ಲಗ್ ಕೊಡಿಸಿದ್ದೇನೆ, ಅಚ್ಚಿನದರಷ್ಟು ಸಮ ಅಲ್ಲ, ಆದರೆ ಫೋಮಿಗಿಂತ ಎಷ್ಟೋ ವಾಸಿ. ದೊಡ್ಡವರದೂ ಶಾಶ್ವತ ಅಲ್ಲ, ವಯಸ್ಸಾದಂತೆ ಕಿವಿಯ ಆಕಾರ ಬದಲಾಗುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಹೊಸ ಅಚ್ಚು ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ಹೋದ ಕಿವಿ ಇದರಿಂದ ವಾಪಸ್ ಬರುವುದಿಲ್ಲ. ಎಡಗಡೆಯ ಶಿಳ್ಳೆ ಈಗಲೂ ಇದೆ, ಇದನ್ನು ಬರೆಯುತ್ತಿರುವಾಗಲೂ. ಆಡಿಯೋಗ್ರಾಂ, ಅಂದರೆ ಕಿವಿ ಪರೀಕ್ಷೆಯ ಆ ಗೆರೆ, ಮಾತ್ರ ಆರು ವರ್ಷದಿಂದ ಹಾಗೇ ನಿಂತಿದೆ, ಗುಂಡಿ ಆಳವಾಗಿಲ್ಲ.

ಡಬ್ಬಿಯ ಜೊತೆ ಒಂದು ದಾರವನ್ನೂ ಕೊಡುತ್ತಾರೆ, ಎರಡನ್ನೂ ಸೇರಿಸಿ ಕತ್ತಿಗೆ ಹಾಕಿಕೊಳ್ಳಲು. ಸಮವಸ್ತ್ರದ ಕಾಲರಿಗೆ ಉಜ್ಜಿ ಕಿವಿಯೊಳಗೆ ಬರಬರ ಅನ್ನುತ್ತದೆ, ಬಿಚ್ಚಿಡಿ. ತೊಳೆಯುವಾಗ ಗುಂಡಿ ತೆಗೆದು, ಅಚ್ಚನ್ನು ಮಾತ್ರ ಸೋಪು ನೀರಿನಲ್ಲಿ ಅದ್ದಿ, ಒಣಗಿದ ಮೇಲೆ ಗುಂಡಿ ಕೂರಿಸಿ. ಫಿಲ್ಟರಿನ ತೂತಿನಲ್ಲಿ ಕಸ ಕಂಡಿತು ಅಂತ ಸೂಜಿ ಹಾಕಬೇಡಿ. ಒಳಗೊಂದು ತೆಳ್ಳನೆಯ ಪೊರೆ ಇದೆ. ನಾನು ಹಾಕಿದೆ, ಹರಿದುಹೋಯಿತು, ಒಂದು ವಾರ ಬಲಗಡೆ ಬ್ಯಾಂಡು ಎಡಗಡೆಗಿಂತ ಜೋರಾಗಿ ನುಡಿಸುತ್ತಿದೆ ಅಂತ ಕಾರ್ನೆಟ್ಟಿನವರನ್ನೆಲ್ಲ ಬೈದುಬಿಟ್ಟೆ.